ಎರಡನೇ ಮುಖ್ಯರಸ್ತೆಯ ದರ

ಬೀದಿಗೆ ಚರಂಡಿ ಬರುವ ಮೊದಲೇ ದರ ಬಂತು.

ಮುನಿಯಲ್ಲಮ್ಮ ಯಶವಂತಪುರದ ಮಾರ್ಕೆಟ್ ಯಾರ್ಡಿನಿಂದ ಮನೆಗೆ ಬಂದಾಗ ಮಗ ಮಹೇಂದ್ರ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದ. ಅವನ ಆಟೊ ಬೀದಿಯಲ್ಲಿ ನಿಂತಿತ್ತು. ಸಂಜೆಯ ಬಾಡಿಗೆ ಬಿಟ್ಟು ಮನೆಗೆ ಬಂದಿದ್ದಾನೆ ಅಂದರೆ ಏನೋ ಕೆಟ್ಟದ್ದೇ ಆಗಿರಬೇಕು ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಆದರೆ ಮೊದಲು ಕೈ ನೋಡಿಕೊಳ್ಳಬೇಕಿತ್ತು. ಯಾರ್ಡಿನ ಮಂಡಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ಕೆಲಸ. ಬೆಳಗ್ಗೆಯಿಂದ ನೆಲದ ಮೇಲೆ ಕೂತು, ಮೂಗಿಗೆ ಸೆರಗು ಕಟ್ಟಿ, ಉಗುರಿನಿಂದ ತೊಟ್ಟು ಕೀಳಬೇಕು. ಖಾರ ಉಗುರಿನ ಸಂದಿಗೆ ಇಳಿಯುತ್ತದೆ. ನೀರು ಬಿದ್ದರೆ ಉರಿ ಇನ್ನೂ ಏರುತ್ತದೆ. ಮಜ್ಜಿಗೆಯಲ್ಲಿ ಕೈ ಅದ್ದಿ, ಒರೆಸಿ, ಹರಳೆಣ್ಣೆ ಹಚ್ಚಿಕೊಂಡರೆ ಊಟದ ಹೊತ್ತಿಗೆ ತುತ್ತು ಎತ್ತಬಹುದು. ಮೊಮ್ಮಗಳನ್ನು ಅವಳು ಮೊಣಕೈಯಿಂದ ಎತ್ತಿಕೊಳ್ಳುತ್ತಾಳೆ, ಮುಖವನ್ನು ಮಾತ್ರ ಮುಟ್ಟುವುದಿಲ್ಲ.

"ಅಮ್ಮಾ, ನಮ್ ಬೀದೀನ ಬಿ ವಲಯಕ್ಕೆ ಹಾಕ್ಬಿಟ್ಟವ್ರೆ," ಅಂದ ಮಹೇಂದ್ರ.

"ಯಾವ ಬಿ?"

"ಮನೆ ಕಂದಾಯ. ಇಷ್ಟು ದಿವ್ಸ ಇ ಇತ್ತು. ಹೊಸ ಪಟ್ಟೀಲಿ ಬಿ."

ಪಾಲಿಕೆಯವರು ಇಡೀ ನಗರವನ್ನು ಎಯಿಂದ ಎಫ್‌ವರೆಗೆ ಆರು ಅಕ್ಷರಕ್ಕೆ ಇಳಿಸಿದ್ದರು. ಎ ಅಂದರೆ ದುಡ್ಡಿದ್ದವರ ಬೀದಿ, ಚದರಡಿಗೆ ಎಲ್ಲಕ್ಕಿಂತ ಹೆಚ್ಚು ದರ. ಎಫ್ ಅಂದರೆ ಯಾರಿಗೂ ಬೇಡದ ಬೀದಿ. ಬೀದಿಯ ಹೆಸರಿನ ಮುಂದೆ ಒಂದು ಅಕ್ಷರ ಬಿತ್ತು ಅಂದರೆ ಆ ಬೀದಿಯ ಅಷ್ಟೂ ಮನೆಗೂ ಅದೇ ದರ. ಈಗ ಕರಡು ಪಟ್ಟಿ ಬಂದಿತ್ತು. ತಕರಾರಿದ್ದವರು ತಿಂಗಳೊಳಗೆ ಹೇಳಿಕೊಳ್ಳಬಹುದು ಎಂದು ಪಾಲಿಕೆ ಔದಾರ್ಯ ತೋರಿಸಿತ್ತು. ಆ ಔದಾರ್ಯವನ್ನು ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇಟ್ಟಿದ್ದರಿಂದ ಅರ್ಧ ತಿಂಗಳು ಹೀಗೇ ಕಳೆದುಹೋಗಿತ್ತು.

"ನಮ್ಮದೆಲ್ಲಾದ್ರೂ ಬಿ ಆಗತೈತಾ? ತಪ್ಪು ಬರದಿರ್ತಾರೆ ಬಿಡು," ಅಂದಳು ಮುನಿಯಲ್ಲಮ್ಮ.

"ತಪ್ಪಲ್ಲ ಕಣಮ್ಮ." ಮಹೇಂದ್ರ ಓದಿದ. ಲಕ್ಷ್ಮಿದೇವಮ್ಮ ಬಡಾವಣೆ, ಎರಡನೇ ಮುಖ್ಯರಸ್ತೆ, ಪೂರ್ತಿ, ಬಿ. 'ಪೂರ್ತಿ' ಎಂಬ ಆ ಒಂದು ಮಾತಿನಲ್ಲಿ ಇವರ ಮೂವತ್ತು ಚಿಲ್ಲರೆ ಮನೆಗಳೂ ಸೇರಿಹೋಗಿದ್ದವು.

ಮಹೇಂದ್ರ ಸಾಲ ಮಾಡಿ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸಿದ್ದ. ಬಾಡಿಗೆಗೆ ಕೊಟ್ಟ ಕೋಣೆಗೆ ಕಂದಾಯ ಇನ್ನೂ ಜಾಸ್ತಿ. ಹೊಸ ದರ ಕಟ್ಟಿದರೆ ಆ ಕೋಣೆಗಳ ಬಾಡಿಗೆಯೆಲ್ಲ ಪಾಲಿಕೆಗೇ ಹೋಗುತ್ತದೆ, ಸಾಲದ ಕಂತು ಹಾಗೇ ಉಳಿಯುತ್ತದೆ. ಕಟ್ಟದಿದ್ದರೆ ಬಡ್ಡಿ, ಆಮೇಲೆ ಬೀಗ. ಪಕ್ಕದ ವಾರ್ಡಿನಲ್ಲಿ ಎರಡು ಮನೆಗೆ ಬೀಗ ಜಡಿದಿದ್ದನ್ನು ಮಹೇಂದ್ರ ಕಣ್ಣಾರೆ ನೋಡಿ ಬಂದಿದ್ದ.

ಈ 'ಪೂರ್ತಿ ರಸ್ತೆ' ಹೇಗಿದೆ ಎಂದು ಹೇಳಿಬಿಡಬೇಕು. ಮುಕ್ಕಾಲು ಭಾಗ ಬಡಾವಣೆಯೊಳಗಿದೆ. ಅಲ್ಲಿ ಡಾಂಬರಿದೆ, ಎರಡೂ ಬದಿಗೆ ಹೊಂಗೆ ಮರವಿದೆ, ಕಲ್ಲು ಮುಚ್ಚಿದ ಚರಂಡಿಯಿದೆ, ಕಂಬಕ್ಕೊಂದು ದೀಪವಿದೆ. ಕೊನೆಗೆ ಒಂದು ಕಾಂಪೌಂಡು, ಅದರಲ್ಲಿ ಒಂದು ಲಾರಿ ನುಗ್ಗುವಷ್ಟು ಅಗಲದ ಬಾಯಿ. ಆ ಬಾಯಿ ದಾಟಿದರೆ ಡಾಂಬರು ಮುಗಿಯುತ್ತದೆ. ಕಲ್ಲು ಮುಚ್ಚಿದ ಚರಂಡಿಯೂ ಮುಗಿಯುತ್ತದೆ, ಅದರ ನೀರು ಮಾತ್ರ ಮುಗಿಯುವುದಿಲ್ಲ. ಬಡಾವಣೆಯ ಬಚ್ಚಲು, ಕಕ್ಕಸು, ಕಾರು ತೊಳೆದ ನೀರು ಎಲ್ಲ ಈಚೆ ಬಂದು ಮುನಿಯಲ್ಲಮ್ಮನ ಮನೆಯ ಮುಂದೆ ಹರಿದು ಕೆರೆ ಸೇರುತ್ತದೆ. ಜೋರು ಮಳೆ ಬಂದ ದಿನ ಹೊಸಿಲು ದಾಟಿ ಒಳಗೆ ಬರುತ್ತದೆ. ಆಗ ಅವಳು ತಟ್ಟೆಯಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಾಳೆ. ಇಷ್ಟು ದಿನ ಬಿ ವಲಯದವರ ಹೇಲನ್ನು ಇ ವಲಯದವರು ಮೊಗೆಯುತ್ತಿದ್ದರು. ಇನ್ನು ಮೇಲೆ ಬಿ ವಲಯದವರೇ ಮೊಗೆಯಬೇಕು, ಅಷ್ಟೇ ವ್ಯತ್ಯಾಸ.

ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ ಬೇರೆ ಇತ್ತು. ಆ ರಸ್ತೆಯ ಹೆಸರನ್ನು ಪಾಲಿಕೆ ಇವರ ತಲೆಗೆ ಕಟ್ಟಿರಲಿಲ್ಲ. ಇವರೇ ಜಗಳವಾಡಿ, ಏಟು ತಿಂದು ತೆಗೆದುಕೊಂಡಿದ್ದರು.

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಇನ್ನೂ ರಾಗಿ ಹೊಲಗಳಿದ್ದಾಗ ಸೊಣ್ಣಪ್ಪನಕುಂಟೆ ಒಂದು ಊರು. ಊರಿನ ದೊಡ್ಡ ಹೊಲ ಲಕ್ಕಣ್ಣನದು. ಊರಾಚೆ, ಕೆರೆಯ ಕೋಡಿಯ ಪಕ್ಕ, ಇವರ ಕೇರಿ. ಸರ್ಕಾರದ ಕಾಗದದಲ್ಲಿ ಅದು ಎ.ಕೆ. ಕಾಲೋನಿ, ಅಂದರೆ ಆದಿ ಕರ್ನಾಟಕದವರ ಕಾಲೋನಿ. ಲಕ್ಕಣ್ಣನ ಹೊಲ ಸೈಟುಗಳಾದಾಗ ಅವನು ಹೆಂಡತಿಯ ಹೆಸರಿಟ್ಟ. ಲಕ್ಷ್ಮಿದೇವಮ್ಮ ಬಡಾವಣೆಯ ಚರಂಡಿ ಅಗೆದವರು, ಕಲ್ಲು ಹೊತ್ತವರು ಕೇರಿಯವರೇ. ಮಹೇಂದ್ರನ ಬಸಿರಿನಲ್ಲಿ ಮುನಿಯಲ್ಲಮ್ಮನೂ ಅಲ್ಲಿ ಜಲ್ಲಿ ಹೊತ್ತಿದ್ದಳು. ಕೆಲಸ ಮುಗಿದು ಕೂಲಿ ಬಟವಾಡೆ ಆದದ್ದೇ ತಡ, ಲಕ್ಕಣ್ಣ ಕೇರಿಯ ಕಡೆಗೆ ಕಾಂಪೌಂಡು ಎಬ್ಬಿಸಿದ. ಕೇಳಿದ್ದಕ್ಕೆ, "ಸೈಟ್ ನೋಡಾಕ್ ಬರೋರು ಆ ಕಡೆ ಏನೈತೆ ಅಂತಾರೆ. ನಾನೇನ್ ಏಳ್ಲಿ?" ಅಂದ.

ಅಲ್ಲಿಂದ ಕೇರಿಯವರು ಬಸ್ಸಿಗೆ, ರೈಲಿಗೆ, ಆಸ್ಪತ್ರೆಗೆ, ಎಲ್ಲಕ್ಕೂ ಕೆರೆ ಏರಿ ಸುತ್ತಬೇಕಾಯಿತು. ಮುನಿಯಲ್ಲಮ್ಮನ ಅತ್ತೆ ಸೊಂಟ ಮುರಿದುಕೊಂಡಾಗ ಮನೆಯ ಕದ ಕಿತ್ತು, ಅದರ ಮೇಲೆ ಮಲಗಿಸಿ, ಕೆಸರಿನ ಏರಿಯ ಮೇಲೆ ಹೊತ್ತುಕೊಂಡು ಹೋದರು. ಹೊತ್ತವರ ಕಾಲು ಜಾರಿದಾಗಲೆಲ್ಲ ಮುದುಕಿ ಕೂಗಿಕೊಂಡಳು. ಕಾಂಪೌಂಡಿನ ಆಚೆ ಮಹಡಿಗಳ ಮೇಲೆ ಜನ ನಿಂತು ನೋಡಿದರು.

ಮಗಳು ಧನಲಕ್ಷ್ಮಿಯನ್ನು ಕಾಲೇಜಿಗೆ ಸೇರಿಸಲು ಹೋದಾಗ ಅಲ್ಲಿನ ಗುಮಾಸ್ತ ಅರ್ಜಿ ಎತ್ತಿ ಹಿಡಿದು, ಸಾಲಿಗೆಲ್ಲ ಕೇಳುವಂತೆ, "ಎ.ಕೆ. ಕಾಲೋನಿ. ಓ, ಕಾಲೋನಿಯವ್ರಾ?" ಅಂದಿದ್ದ. ಹುಡುಗಿ ಬಹಳ ದಿನ ಕಾಲೇಜಿಗೆ ಸರಿಯಾಗಿ ಹೋಗಲಿಲ್ಲ. ಆ ವರ್ಷದ ಅಂಬೇಡ್ಕರ್ ಜಯಂತಿಯ ಬೆಳಗ್ಗೆ ಮಹೇಂದ್ರ, ಎದುರು ಮನೆಯ ಗಾರೆ ಕೆಲಸದ ಮುನೇಶ, ಇನ್ನೊಂದಷ್ಟು ಜನ ಹಾರೆ ಹಿಡಿದು ಹೋಗಿ ಕಾಂಪೌಂಡು ಒಡೆದರು. ಒಡೆದ ಬಾಯಿಯ ಪಕ್ಕ ಕಲ್ಲು ನೆಟ್ಟು, ಎರಡನೇ ಮುಖ್ಯರಸ್ತೆ ಎಂದು ಬರೆದು, ಕೇರಿಯ ಕಡೆಗೆ ಬಾಣದ ಗುರುತು ಹಾಕಿದರು. ಪೊಲೀಸರು ಮಹೇಂದ್ರನನ್ನು ಎರಡು ದಿನ ಇಟ್ಟುಕೊಂಡು ಬಡಿದರು. "ದಾರಿ ಸಿಕ್ತಲ್ಲ, ಸಾಕಾಗಿತ್ತು. ಎಸ್ರು ಒಟ್ಟೆಗಾಕ್ತದಾ?" ಎಂದು ಮುನಿಯಲ್ಲಮ್ಮ ಅವನ ಬೆನ್ನಿಗೆ ಅರಿಶಿನ ಹಚ್ಚುತ್ತಾ ಬೈದಿದ್ದಳು. ಆಮೇಲೆ ಗ್ಯಾಸಿನ ಚೀಟಿ, ಆಧಾರ್, ವೋಟಿನ ಕಾರ್ಡು ಎಲ್ಲದರ ಮೇಲೂ ಎರಡನೇ ಮುಖ್ಯರಸ್ತೆ ಬಂತು. ಧನಲಕ್ಷ್ಮಿ ಈಗ ಆರ್.ಟಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಬಿಲ್ಲು ಹಾಕುತ್ತಾಳೆ. ಯಾರಾದರೂ ವಿಳಾಸ ಕೇಳಿದರೆ ತಡವರಿಸದೆ ಹೇಳುತ್ತಾಳೆ.

ಮಾರನೇ ದಿನ ಕೂಲಿ ಬಿಟ್ಟು ಮುನಿಯಲ್ಲಮ್ಮ ಮಗನ ಜೊತೆ ಕಂದಾಯ ಕಚೇರಿಗೆ ಹೋದಳು. ಒಗೆದ ಸೀರೆಯನ್ನೇ ಉಟ್ಟಿದ್ದಳು. ಆದರೂ ಆ ಖಾರ ಒಗೆದರೆ ಹೋಗುವಂಥದ್ದಲ್ಲ. ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಪಕ್ಕದವರು ಸೀನತೊಡಗಿದರು. ಗುಮಾಸ್ತನೊಬ್ಬ ಕರವಸ್ತ್ರ ಮೂಗಿಗಿಟ್ಟು ಬಂದು, "ಏನಮ್ಮ ಇದು ಘಾಟು, ಹೊರಗಡೆ ಕೂತ್ಕೊಳ್ಳಿ, ಕರೀತೀವಿ," ಅಂದ. ಅವಳು ಮೆಟ್ಟಿಲ ಮೇಲೆ, ಬಿಟ್ಟ ಚಪ್ಪಲಿಗಳ ಪಕ್ಕ ಕೂತಳು. ಮಧ್ಯಾಹ್ನ ಕಳೆದ ಮೇಲೆ ಕರೆದರು. ಒಳಗೆ ಬಂದರೂ ಬಾಗಿಲ ಹತ್ತಿರವೇ ನಿಲ್ಲಿಸಿದರು.

ಒಳಗೆ ಕಂದಾಯ ಅಧಿಕಾರಿ ರಘುನಾಥ್ ಇದ್ದ. ಅವನ ಎದುರು ಕುರ್ಚಿಯಲ್ಲಿ ಲಕ್ಕಣ್ಣನ ಮಗ ನಾಗಭೂಷಣ ಕಾಫಿ ಕುಡಿಯುತ್ತಿದ್ದ. ಲಕ್ಕಣ್ಣ ತೀರಿಕೊಂಡ ಮೇಲೆ ಬಡಾವಣೆ, ಬಾಡಿಗೆ ಕಟ್ಟಡಗಳು, ಕಲ್ಯಾಣ ಮಂಟಪ ಎಲ್ಲ ಅವನ ಕೈಯಲ್ಲಿವೆ.

ರಘುನಾಥ್ ಕೆಟ್ಟವನಾಗಿರಲಿಲ್ಲ. ಬೈಯಲಿಲ್ಲ, ಲಂಚ ಕೇಳಲಿಲ್ಲ. ಕಂಪ್ಯೂಟರಿನ ಪರದೆಯನ್ನೇ ಇವರ ಕಡೆ ತಿರುಗಿಸಿದ. ಜಗಳ ತೆಗೆಯಲೂ ಅವಕಾಶ ಕೊಡದಂಥ ಮನುಷ್ಯ.

"ನೋಡಿ ಅಮ್ಮ, ದರ ನಾನು ಹಾಕೋದಲ್ಲ. ಈ ರಸ್ತೇಲಿ ಸೈಟು ಯಾವ ರೇಟಿಗೆ ರಿಜಿಸ್ಟರ್ ಆಗ್ತಿದೆ, ಅದರ ಮೇಲೆ ಸರ್ಕಾರ ಒಂದು ಬೆಲೆ ಗೊತ್ತು ಮಾಡುತ್ತೆ. ಬೆಲೆ ಮೇಲೆ ವಲಯ. ವಲಯದ ಮೇಲೆ ಟ್ಯಾಕ್ಸು."

"ನಮ್ ಬೀದಿನಾಗೆ ಯಾರೂ ಸೈಟ್ ಮಾರಿಲ್ಲ ಸ್ವಾಮಿ. ಕೊಂಡ್ಕಳಾಕೂ ಯಾರೂ ಬಂದಿಲ್ಲ."

"ಮುಂದ್ಗಡೆ ಮಾರಿದಾರಲ್ಲ. ರಸ್ತೆ ಒಂದೇ."

"ಒಂದೇ ಅಂದ್ಮೇಲೆ ಚರಂಡೀನೂ ಒಂದೇ ಇರಬೇಕಲ್ಲ? ಒಂದ್ ಸಲ ಬಂದು ನೋಡಿ."

"ನೋಡಿ ಹಾಕೋ ಪದ್ಧತಿ ಇದರಲ್ಲಿಲ್ಲ. ಆಮೇಲೆ ಟ್ಯಾಕ್ಸ್ ಬೇರೆ, ಸೌಲಭ್ಯ ಬೇರೆ. ಚರಂಡಿ ಇಂಜಿನಿಯರ್ ಸೆಕ್ಷನ್ನು. ಮೇಲಿನ ಮಹಡಿ."

ಮೇಲಿನ ಮಹಡಿಗೆ ಅವಳು ಮೊದಲೇ ಹೋಗಿದ್ದಳು. ಕಾಲೋನಿ ಬಡಾವಣೆಗೆ ಸೇರಿಲ್ಲ, ಹಾಗಾಗಿ ಬಡಾವಣೆಯ ಚರಂಡಿಯನ್ನು ಮುಂದುವರಿಸಲು ಬರುವುದಿಲ್ಲ ಎಂದು ಅಲ್ಲಿ ಹೇಳಿ ಕಳಿಸಿದ್ದರು. ಮೇಲಿನ ಮಹಡಿಯಲ್ಲಿ ಎರಡು ರಸ್ತೆ, ಕೆಳಗಿನ ಮಹಡಿಯಲ್ಲಿ ಒಂದು ರಸ್ತೆ. ಕೊಡುವಾಗ ಎರಡು, ಕಿತ್ತುಕೊಳ್ಳುವಾಗ ಒಂದು. ಅದನ್ನು ಅವಳು ಹೇಳಿದಳು ಕೂಡ. ರಘುನಾಥ್ ಪಾಪ ಎನ್ನುವಂತೆ ತಲೆಯಾಡಿಸಿದ.

"ಪಕ್ಕದಲ್ಲೇ ಇವರ ಕಲ್ಯಾಣ ಮಂಟಪ ಇದೆಯಲ್ಲ ಸಾರ್," ಅಂದ ಮಹೇಂದ್ರ. "ಅದು ಹೆಂಗೆ ಇ ವಲಯ?"

ಮಂಟಪದ ಕಮಾನು ದೊಡ್ಡ ರಸ್ತೆಗಿತ್ತು. ಬಾಗಿಲ ನಂಬರು ಮಾತ್ರ ಹಿಂಭಾಗದ ಕೆರೆ ಓಣಿಯದು. ಸೊಣ್ಣಪ್ಪನಕುಂಟೆಯಲ್ಲಿ ಇದು ಎಲ್ಲರಿಗೂ ಗೊತ್ತು. ಅಲ್ಲಿಗೂ ಹೋಗಿ ನೋಡುವ ಪದ್ಧತಿ ಇರಲಿಲ್ಲ.

ನಾಗಭೂಷಣನಿಗೆ ಸಿಟ್ಟು ಬರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಸಾರ್, ಇವ್ರಿಗೆ ಅನ್ಯಾಯ ಆಗ್ತಿದೆ. ನೀವೇ ಏನಾದ್ರೂ ಉಪಾಯ ಹೇಳಿ," ಅಂದ.

"ಉಪಾಯ ಇದೆ. ಬೇರೆ ರಸ್ತೆ ಅಂತ ತೋರಿಸ್ಬೇಕು. ಬೇರೆ ಹೆಸರಿರಬೇಕು, ಮಧ್ಯೆ ಓಡಾಟ ಇರಬಾರದು. ಕ್ಲೋಸ್ ಆಗಿರಬೇಕು. ನಿವಾಸಿಗಳೇ ಬರೆದುಕೊಟ್ರೆ ಇನ್ನೂ ಸುಲಭ. ಮತ್ತೆ ಇ ಮಾಡಬಹುದು, ಎಫ್ ಕೂಡ ಆಗಬಹುದು."

"ಅಷ್ಟೇ ತಾನೆ? ಹಳೇ ಹೆಸ್ರು ಹೆಂಗೂ ಇದೆ, ಎ.ಕೆ. ಕಾಲೋನಿ. ಗೋಡೆ ಖರ್ಚು ನಂದು." ಅವನು ಕುರ್ಚಿಯಲ್ಲೇ ಹಿಂದೆ ತಿರುಗಿದ. "ನಿನ್ ಒಳ್ಳೇದಕ್ಕೇ ಹೇಳ್ತಿರೋದು ಮುನಿಯಲ್ಲಮ್ಮ."

ಅವನಿಗಿಂತ ಅವಳು ಹತ್ತು ವರ್ಷವಾದರೂ ದೊಡ್ಡವಳು. ಬಡಾವಣೆಯವರು ಇಷ್ಟು ವರ್ಷ ಕೋರ್ಟಿಗೆ ಅಲೆದರೂ ಮುಚ್ಚಿಸಲಾಗದ ಬಾಯಿಯನ್ನು ಈಗ ಇವರ ಕೈಯಿಂದಲೇ ಮುಚ್ಚಿಸಲು ದಾರಿ ಸಿಕ್ಕಿತ್ತು. ಅವನು ಎಷ್ಟು ಬೇಗ ಅದನ್ನು ಹಿಡಿದ ಎಂಬುದು ಅವಳಿಗೆ ಕಾಣಿಸಿತು. ಮಹೇಂದ್ರನಿಗೆ ಬೇರೇನೋ ಕಾಣಿಸಿತು. ಆಟೊದಲ್ಲಿ ವಾಪಸು ಬರುವಾಗ ಅವನು, "ಎಫ್ ಆದ್ರೆ ಇನ್ನೂ ಕಮ್ಮಿ ಕಣಮ್ಮ," ಅಂದ.

ನಾಗಭೂಷಣ ಕಂಪ್ಯೂಟರಿನಲ್ಲಿ ಬರೆಸಿದ ಅರ್ಜಿ ಎರಡೇ ದಿನಕ್ಕೆ ಕೇರಿಗೆ ಬಂತು. ಕೇರಿಯ ಹಿರಿಯ ಆವಲಪ್ಪನ ಮನೆ ಮುಂದೆ ಎಲ್ಲರೂ ಸೇರಿದರು. ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ನಮ್ಮದು ಎ.ಕೆ. ಕಾಲೋನಿ, ಬಡಾವಣೆಗೂ ನಮಗೂ ಸಂಬಂಧವಿಲ್ಲ, ಎರಡನೇ ಮುಖ್ಯರಸ್ತೆ ಎಂಬ ಹೆಸರನ್ನು ಇನ್ನು ಬಳಸುವುದಿಲ್ಲ, ನಡುವೆ ಗೋಡೆ ಕಟ್ಟಿಕೊಳ್ಳಲು ನಮ್ಮ ಒಪ್ಪಿಗೆ ಇದೆ. ಮಹೇಂದ್ರನೇ ಗಟ್ಟಿಯಾಗಿ ಓದಿದ. ಓದಿ, ಮೊದಲ ಸಹಿ ಅವನೇ ಹಾಕಿದ.

"ಆ ಗೋಡೆ ಒಡದೋನು ನೀನು," ಅಂದಳು ಮುನಿಯಲ್ಲಮ್ಮ.

"ಒಡೆದಾಗ ನನ್ ತಲೆ ಮೇಲೆ ಸಾಲ ಇರ್ಲಿಲ್ಲ."

"ದಾರಿ?"

"ಈಗ ಎಲ್ರಿಗೂ ಬೈಕೈತೆ. ಏರಿ ಸುತ್ತಿ ಹೋದ್ರೆ ಏನ್ ಒಂದತ್ತು ನಿಮಿಷ ಜಾಸ್ತಿ."

"ನಂಗೆ ಯಾವ ಬೈಕೈತೆ? ಮುನೇಶನ ಹೆಂಡ್ತಿ ಕಲಾವತಿಗೆ ಯಾವ ಬೈಕೈತೆ? ನಿನ್ ತಂಗಿ ಕತ್ತಲಾದ್ಮೇಲೆ ಆ ಏರಿ ಮ್ಯಾಲೆ ಒಬ್ಬಳೇ ಬರಬೇಕಾ?"

"ನಾನೇ ಕರ್ಕೊಂಡ್ ಬರ್ತೀನಿ."

"ಎಷ್ಟ್ ವರ್ಸ ಕರ್ಕೊಂಡ್ ಬತ್ತೀಯ?"

ಮಹೇಂದ್ರ ಅರ್ಜಿಯನ್ನು ಪಕ್ಕದವನ ಕೈಗೆ ದಾಟಿಸಿದ. ಆವಲಪ್ಪ ತಲೆಯ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡು ಸಮಾಧಾನದ ದನಿಯಲ್ಲಿ ಹೇಳಿದ. "ನೋಡವ್ವ, ನಮಗೇನು ಸಂತೋಸಾನ? ಎಸ್ರು ಉಳಿಸ್ಕಳಾಕೋಗಿ ಮನೆ ಕಳ್ಕಳಾಕಾಗ್ತದ? ಎಲ್ರೂ ಆಕ್ತಾವ್ರೆ. ನೀನೂ ಆಕು."

"ನಾನ್ ಆಕಲ್ಲ."

"ಯಾಕೆ?"

ಯಾಕೆ ಎಂದು ಆ ಕ್ಷಣ ಅವಳಿಗೆ ಸರಿಯಾಗಿ ಹೇಳಲು ಬರಲಿಲ್ಲ. ಹೆಸರು ಹೊಟ್ಟೆಗೆ ಹಾಕುವುದಿಲ್ಲ ಎಂದಿದ್ದವಳು ಅವಳೇ. ಈಗಲೂ ಹೆಸರಿನ ಮೇಲೆ ಅವಳಿಗೆ ಅಂಥ ಮೋಹವಿರಲಿಲ್ಲ. ಆದರೆ ತಾನಾಗಿ ಕೈಯೆತ್ತಿ ಬರೆದುಕೊಡಬೇಕಲ್ಲ, ನಾವು ಆಚೆಯವರು, ನಮ್ಮನ್ನು ಆಚೆಗೇ ಇಡಿ ಎಂದು. ಅದನ್ನು ನೆನೆದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. "ನನ್ ಕೈ ಬರಲ್ಲ," ಎಂದಷ್ಟೇ ಹೇಳಿ ಎದ್ದು ಬಂದಳು.

ಕೇರಿಗೆ ಅವಳ ಮೇಲೆ ಸಿಟ್ಟು ಬಂತು. ಎಲ್ಲರ ಸಹಿ ಇದ್ದರೆ ಕೆಲಸ ಬೇಗ ಆಗುತ್ತಿತ್ತು, ಇವಳೊಬ್ಬಳಿಂದ ತಡ ಎಂದು ನಲ್ಲಿಯ ಹತ್ತಿರ ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಮುನೇಶನ ಹೆಂಡತಿ ಕಲಾವತಿ ಅದೇ ಮಂಡಿಯಲ್ಲಿ ಮುನಿಯಲ್ಲಮ್ಮನ ಪಕ್ಕದಲ್ಲೇ ಕೂತು ತೊಟ್ಟು ಕೀಳುತ್ತಿದ್ದವಳು. ಇಬ್ಬರೂ ಒಂದೇ ರೈಲಿಗೆ ಹೋಗಿ ಒಂದೇ ರೈಲಿಗೆ ಬರುತ್ತಿದ್ದರು. ಈಗ ಕಲಾವತಿ ಬೇರೆ ಡಬ್ಬಿ ಹತ್ತತೊಡಗಿದಳು. ಮಂಡಿಯಲ್ಲೂ ಚೀಲವನ್ನು ಆಚೆ ಮೂಲೆಗೆ ಎಳೆದುಕೊಂಡು ಕೂತಳು. ಮನೆಯಲ್ಲಿ ಮಗ ಮಾತು ಬಿಟ್ಟ. ಧನಲಕ್ಷ್ಮಿ ಮಾತ್ರ ಒಂದು ದಿನ ಅನ್ನ ಬಡಿಸುತ್ತಾ, "ಅಮ್ಮ, ನಂಗೋಸ್ಕರ ಮಾಡ್ಬೇಡ. ನಾನು ಏನಾದ್ರೂ ಹೇಳ್ಕೊಂಡು ಓಡಾಡ್ತೀನಿ," ಅಂದಳು. ಅದನ್ನು ಕೇಳಿ ಮುನಿಯಲ್ಲಮ್ಮನಿಗೆ ಇನ್ನೂ ರೇಗಿತು.

ತಕರಾರುಗಳ ವಿಚಾರಣೆಯನ್ನು ವಾರ್ಡಿನ ಸಮುದಾಯ ಭವನದಲ್ಲಿ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಬಡಾವಣೆಯವರು, ಹಿಂದೆ ಗೋಡೆಗೆ ಒರಗಿ ಕೇರಿಯವರು. ಬಡಾವಣೆಯ ನಿವೃತ್ತರೊಬ್ಬರು ತಮ್ಮ ರಸ್ತೆ ಬಿ ಅಲ್ಲ, ಸಿ ಆಗಬೇಕೆಂದು ಬಹಳ ಹೊತ್ತು ವಾದಿಸಿದರು. ಕೊಳಚೆ ನೀರಿನ ವಾಸನೆ, ಸೊಳ್ಳೆ, 'ಪಕ್ಕದ ವಾತಾವರಣ' ಎಲ್ಲ ಹೇಳಿದರು. ಆ ಕೊಳಚೆ ಅವರದೇ ಎಂದು ಯಾರೂ ಹೇಳಲಿಲ್ಲ. ರಘುನಾಥ್ ಗೌರವದಿಂದ ಬರೆದುಕೊಂಡ. ಆಮೇಲೆ ಕೇರಿಯ ಅರ್ಜಿ ಎತ್ತಿಕೊಂಡು ಪೂರ್ತಿ ಓದಿ ಹೇಳಿದ. ಬಡಾವಣೆಯಿಂದ ಯಾರೂ ವಿರೋಧಿಸಲಿಲ್ಲ.

"ಸಹಿ ಹಾಕದವರು ಒಬ್ಬರಿದ್ದಾರೆ. ಮುನಿಯಲ್ಲಮ್ಮ. ಬಂದಿದಾರಾ?"

ಅವಳು ಎದ್ದು ನಿಂತಳು.

"ನಿಮಗೆ ದರ ಇಳಿಸೋದು ಬೇಡ್ವಾ ಅಮ್ಮ?"

"ಬೇಕು."

"ಮತ್ತೆ?"

"ಗೋಡೆ ಬ್ಯಾಡ."

"ಎರಡೂ ಆಗಲ್ಲ. ಒಂದು ರಸ್ತೆ ಅಂದ್ರೆ ಬಿ. ಎರಡು ಅಂದ್ರೆ ಗೋಡೆ ಇರಬೇಕು."

"ನಾವು ಒಲಗೇರಿಯೋರು ಅಂತ ಬರಕೊಟ್ರೆ ದರ ಇಳೀತದೆ. ನಾವೂ ನಿಮ್ಮಂಗೇ ಮನುಸ್ರು ಅಂದ್ರೆ ಏರತದೆ. ಇದ್ಯಾವ ಲೆಕ್ಕ ಸ್ವಾಮಿ?"

ಮುಂದಿನ ಸಾಲಿನ ತಲೆಗಳು ತಿರುಗಿದವು. ರಘುನಾಥನ ಮುಖ ಕೆಂಪಾಯಿತು. "ಅಮ್ಮ, ಆ ಪದ ಎಲ್ಲ ಇಲ್ಲಿ ಬಳಸ್ಬಾರ್ದು. ಕಾನೂನು ಪ್ರಕಾರ ತಪ್ಪಾಗುತ್ತೆ."

"ಬಾಯಲ್ಲಿ ಆಡಬಾರ್ದು. ಕಾಗದದಾಗೆ ಬರದು ಸಹಿ ಆಕಬೋದು. ಅಲ್ವ?"

ರಘುನಾಥ್ ಕಾಗದವನ್ನು ತನ್ನ ಕಡೆ ಎಳೆದುಕೊಂಡ. ಮತ್ತೆ ಪೆನ್ನು ತೆಗೆದು, ಒಬ್ಬ ನಿವಾಸಿಯ ಆಕ್ಷೇಪಣೆ ತೆರಿಗೆ ದರಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಬರೆದು, ಓದಿ ಹೇಳಿ, ಮುಂದಿನ ಅರ್ಜಿಗೆ ಹೋದ. ಅವಳು ಇನ್ನೂ ನಿಂತೇ ಇದ್ದಳು. ಆವಲಪ್ಪ ಸೆರಗು ಜಗ್ಗಿ ಕೂರಿಸಿದ.

ಆದೇಶ ಬರುವವರೆಗೆ ಕಾಯುವ ಸಹನೆ ನಾಗಭೂಷಣನಿಗಿರಲಿಲ್ಲ. ಮುಂದಿನ ಸೋಮವಾರವೇ ಕಾಂಪೌಂಡಿನ ಬಾಯಿಯ ಆಚೆ, ಬಡಾವಣೆಯ ಬದಿಗೆ, ಸಿಮೆಂಟು ಬ್ಲಾಕಿನ ಲೋಡು ಬಂದು ಬಿತ್ತು. ಗೋಡೆ ಕಟ್ಟಲು ಅವನು ಹುಡುಕಿ ಹುಡುಕಿ ಕರೆದದ್ದು ಮುನೇಶನನ್ನು. ಮುನೇಶನಿಗೆ ತಿಂಗಳಿನಿಂದ ಕೆಲಸವಿರಲಿಲ್ಲ. ದಿನಗೂಲಿಗಿಂತ ಹೆಚ್ಚಿಗೆ ಕೊಡುತ್ತೇನೆ ಎಂದು ನಾಗಭೂಷಣ ಅಂದಿದ್ದ. ಮುನೇಶ ಬೆಳಕು ಹರಿಯುವ ಮೊದಲೇ ಗಾರೆ ಕಲಸಿ, ದಾರ ಕಟ್ಟಿ, ಮುಖ ಕೆಳಗೆ ಹಾಕಿಕೊಂಡು ಕೆಲಸ ಶುರು ಮಾಡಿದ್ದ.

ರೈಲಿಗೆ ಹೊರಟ ಮುನಿಯಲ್ಲಮ್ಮ ಬರುವ ಹೊತ್ತಿಗೆ ಗೋಡೆ ಮೊಣಕಾಲಿನವರೆಗೆ ಎದ್ದಿತ್ತು. ಹಿಂದೆ ಬಂದ ಹೆಂಗಸರು ಒಬ್ಬೊಬ್ಬರೇ ಸೀರೆ ಎತ್ತಿಕೊಂಡು ಹಸಿ ಗೋಡೆಯ ನಡುವಿನ ಸಂದಿಯಲ್ಲಿ ದಾಟಿದರು. ಕಾಲು ತಾಗಿಸಬೇಡಿ ಎಂದು ನಾಗಭೂಷಣ ಆಚೆಯಿಂದ ಕೂಗುತ್ತಿದ್ದ. ಅವರೆಲ್ಲ ಹೋದರು. ಮುನಿಯಲ್ಲಮ್ಮ ಹೋಗಲಿಲ್ಲ. ಕಟ್ಟದೆ ಉಳಿದಿದ್ದ ನಡುವಿನ ಜಾಗದಲ್ಲಿ ಕೂತುಬಿಟ್ಟಳು.

"ಏಳು ಮುನಿಯಲ್ಲಮ್ಮ. ನಾಟಕ ಆಡ್ಬೇಡ. ನಿಮ್ಮೋರೇ ಎಲ್ಲ ಒಪ್ಪಿದಾರೆ," ಅಂದ ನಾಗಭೂಷಣ.

ಅವಳು ಕಾಲು ಮಡಿಚಿ ಇನ್ನೂ ಗಟ್ಟಿಯಾಗಿ ಕೂತಳು.

"ನೀನು ಕಟ್ಟೋ ಮುನೇಶ. ಅವ್ಳ ಎರಡೂ ಪಕ್ಕ ಕಟ್ಕೊಂಡ್ ಬಾ. ತಾನಾಗೇ ಏಳ್ತಾಳೆ."

ಮುನೇಶ ಕಟ್ಟಿದ. ಅವಳ ಎಡಗಡೆಗೊಂದು ಬ್ಲಾಕು ಇಟ್ಟು ಕರಣೆಯಿಂದ ತಟ್ಟಿದ. ಬಲಗಡೆಗೊಂದು ಇಟ್ಟು ತಟ್ಟಿದ. ಗಾರೆ ಜಾರಿ ಅವಳ ಸೀರೆಯ ಮೇಲೆ ಬಿತ್ತು. "ಏಳಕ್ಕ," ಎಂದು ಬರೀ ತುಟಿಯಲ್ಲಿ ಹೇಳಿದ. ಅವಳು ಅವನನ್ನು ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬಿಸಿಲೇರಿತು. ಎರಡೂ ಕಡೆ ಗೋಡೆ ಅವಳ ಹೆಗಲಿನವರೆಗೆ ಬಂತು. ಮಹೇಂದ್ರ ಮನೆಯ ಬಾಗಿಲಲ್ಲಿ ನಿಂತಿದ್ದ, ಹತ್ತಿರ ಬರಲಿಲ್ಲ.

ಆ ದಿನ ಕಲಾವತಿ ಕೆಲಸಕ್ಕೆ ಹೋಗಿರಲಿಲ್ಲ. ಊಟದ ಹೊತ್ತಿಗೆ ಗಂಡನಿಗೆ ಮುದ್ದೆಯ ಡಬ್ಬಿ ಹಿಡಿದು ಬಂದಳು. ಬಂದು ನೋಡಿದರೆ ದಾಟಲು ಜಾಗವಿಲ್ಲ. ಸಂದಿಯಲ್ಲಿ ಮುನಿಯಲ್ಲಮ್ಮ ಕೂತಿದ್ದಾಳೆ, ಉಳಿದದ್ದು ಹಸಿ ಗೋಡೆ. ಗೋಡೆಯ ಮೇಲಿಂದ ಡಬ್ಬಿ ಚಾಚಿದಳು.

"ಏಯ್, ಅದರ ಮೇಲೆ ಒರಗ್ಬೇಡ," ಅಂದ ನಾಗಭೂಷಣ. "ಹಸಿ ಇದೆ, ಅಲುಗಾಡುತ್ತೆ. ಏರಿ ಸುತ್ಕೊಂಡ್ ಬಾ."

ಕಲಾವತಿ ಡಬ್ಬಿ ಹಿಡಿದ ಕೈ ಹಾಗೇ ಚಾಚಿಕೊಂಡು ನಿಂತಳು. ಗಂಡ ಕೈಗೆ ಎಟುಕುವಷ್ಟು ಹತ್ತಿರದಲ್ಲಿದ್ದ. "ಇಲ್ಲೇ ಅವ್ನಲ್ಲಣ್ಣ," ಅಂದಳು.

"ಇನ್ಮೇಲೆ ಅಭ್ಯಾಸ ಮಾಡ್ಕೋಬೇಕಲ್ವಾ? ಸುತ್ಕೊಂಡ್ ಬಾ, ಹೋಗು."

ಕಲಾವತಿ ತಿರುಗಿ ಏರಿಯ ಕಡೆ ನೋಡಿದಳು. ಎರಡು ಹೆಜ್ಜೆ ಇಟ್ಟಳು ಕೂಡ.

"ನಿಂತ್ಕೊ," ಅಂದ ಮುನೇಶ.

ಬೆಳಗಿನಿಂದ ಅವನ ಬಾಯಿಂದ ಗಟ್ಟಿಯಾಗಿ ಬಂದ ಮೊದಲ ಮಾತು ಅದು. ಕರಣೆಯನ್ನು ನೀರಿನ ಬಕೆಟ್ಟಿಗೆ ಹಾಕಿದ. ತಾನು ಕಟ್ಟಿದ ಗೋಡೆಯನ್ನು ಒಂದು ಸಲ ಉದ್ದಕ್ಕೂ ನೋಡಿದ. ಹೆಂಗಸರಿಂದ ದೂರದ ತುದಿಗೆ ಹೋಗಿ ಒದ್ದ. ಹಸಿ ಗಾರೆ ಹಿಡಿತ ಬಿಟ್ಟಿತು, ಮೇಲಿನ ಸಾಲುಗಳು ಕೇರಿಯ ಕಡೆಗೆ ಉರುಳಿದವು. ಇನ್ನೊಮ್ಮೆ ಒದ್ದ. ಆಮೇಲೆ ಬ್ಲಾಕುಗಳ ಮೇಲೆ ಹೆಜ್ಜೆಯಿಟ್ಟು ಈಚೆ ದಾಟಿ ಬಂದು, ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಮುನಿಯಲ್ಲಮ್ಮನ ಪಕ್ಕ ನೆಲದ ಮೇಲೆ ಕೂತು ಮುಚ್ಚಳ ತೆಗೆದ.

"ಒಂದ್ ಪೈಸೆ ಕೂಲಿ ಕೊಡಲ್ಲ ನಿಂಗೆ," ಅಂದ ನಾಗಭೂಷಣ. "ಇವತ್ತಿಂದಷ್ಟೇ ಅಲ್ಲ, ಈ ಕಡೆ ಎಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ."

"ಮಾಡ್ಕಳಿ," ಅಂದ ಮುನೇಶ. ಮುದ್ದೆ ಮುರಿದ.

ನಾಗಭೂಷಣ ಫೋನು ತೆಗೆದು ಯಾರು ಯಾರಿಗೋ ಮಾತಾಡುತ್ತಾ ಕಾರಿನ ಕಡೆ ಹೋದ. ಸಂಜೆಗೆ ಬೇರೆ ಗಾರೆಯವರು ಬರಬಹುದು, ಪೊಲೀಸರೂ ಬರಬಹುದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಲಾವತಿ ಮುನಿಯಲ್ಲಮ್ಮನ ಸೀರೆಗೆ ಅಂಟಿದ್ದ ಗಾರೆಯನ್ನು ಬೆರಳಿನಿಂದ ಕೆರೆದು ತೆಗೆಯತೊಡಗಿದಳು.

ಮಹೇಂದ್ರ ಬಾಗಿಲು ಬಿಟ್ಟು ಬಂದ. ಬಗ್ಗಿ, ಉರುಳಿದ ಬ್ಲಾಕೊಂದನ್ನು ಎತ್ತಿ ದಾರಿಯಿಂದ ಆಚೆ ಹಾಕಿದ. ಇನ್ನೊಂದನ್ನು ಎತ್ತುತ್ತಾ, ಅಮ್ಮನ ಮುಖ ನೋಡದೆ ಕೇಳಿದ.

"ಗೋಡೆ ಇಲ್ಲ ಅಂದ್ಮೇಲೆ ಬಿನೇ ಆಗ್ತದೆ. ಅಷ್ಟು ಕಟ್ಟೋಕೆ ನಮ್ ಕೈಲಾಗಲ್ಲ. ಬೀಗ ಜಡಿಯೋಕೆ ಬರ್ತಾರಲ್ಲ, ಆಗ ಏನ್ ಮಾಡ್ತೀಯ?"

"ಬರ್ಲಿ," ಅಂದಳು ಮುನಿಯಲ್ಲಮ್ಮ. "ಬೀಗ ತಗಂಡು ಇದೇ ದಾರೀಲಿ, ಇದೇ ಹೇಲು ನೀರು ತುಳ್ಕಂಡೇ ಬರಬೇಕು. ಆಗಲಾದ್ರೂ ನೋಡ್ತಾರೆ."